ಕಬ್ಬಿಣದ ಎರಡು ಎಲೆಕ್ಟ್ರಾನ್

ಶಿವಮೊಗ್ಗದ ಗೋಪಾಳದ ಕಾಲೇಜಿನಲ್ಲಿ ಸುಮನಾ ಕೆಮಿಸ್ಟ್ರಿ ಪಾಠ ಮಾಡಿದರೆ ಸಕ್ರೆಬೈಲು ಬಿಡಾರದ ಆನೆಗಳೂ ಫಸ್ಟ್ ಕ್ಲಾಸಿನಲ್ಲಿ ಪಾಸಾಗುತ್ತಿದ್ದವು. ಬೆಂಚು ಸಾಲದೆ ಅವು ಬರಲಿಲ್ಲ, ಅಷ್ಟೇ. ಅಂಥವಳಿಗೆ ಭದ್ರಾವತಿಯ ಮನೆಯಲ್ಲಿ ಸ್ವಂತ ಗಂಡನನ್ನು ದಡ ಮುಟ್ಟಿಸಲು ಆಗುತ್ತಿರಲಿಲ್ಲ.

ಗಂಡ ಧರ್ಮೇಂದ್ರ, ಫೌಂಡ್ರಿಯಲ್ಲಿ ಕುಲುಮೆ ಮುಂದೆ ನಿಲ್ಲುವವನು. ಅವನು ಕರಗಿಸಿದ ಕಬ್ಬಿಣವನ್ನೆಲ್ಲ ಸುರಿದರೆ ಭದ್ರಾ ಡ್ಯಾಮು ತುಂಬಿ ಕೋಡಿ ಬೀಳಬೇಕು. ಈಗ ಕಣ್ಣು ಮಂಜಾಗಿ, ಡಾಕ್ಟರು ಬೆಂಕಿಯ ಸಹವಾಸ ಬಿಡಿ ಅಂದಿದ್ದರು. ಪಿಯುಸಿ ಪಾಸಾದರೆ ಲ್ಯಾಬಿಗೆ ಹಾಕ್ತೀವಿ ಅಂದಿದ್ದರು ಮ್ಯಾನೇಜರು. ಬಾಕಿ ಉಳಿದಿದ್ದು ಹಿಂದೆ ಫೇಲಾಗಿದ್ದ ಕೆಮಿಸ್ಟ್ರಿ ಒಂದೇ. ಪರೀಕ್ಷೆ ನಾಳೆ.

"ನೋಡ್ರೀ, ಕಬ್ಬಿಣದಲ್ಲಿ ಮೊದಲು 4s ತುಂಬುತ್ತೆ, ಆಮೇಲೆ 3d. ಒಟ್ಟು 3d⁶4s², ಅಂದ್ರೆ 3d ಮನೇಲಿ ಆರು ಎಲೆಕ್ಟ್ರಾನ್, 4s ಮನೇಲಿ ಎರಡು. ಈಗ ಎರಡು ಎಲೆಕ್ಟ್ರಾನ್ ಕಿತ್ತು ಅಯಾನು ಮಾಡಿ."

ಧರ್ಮೇಂದ್ರ 3d⁴4s² ಅಂತ ಬರೆದ. ಬೆಳಗಿನಿಂದ ಇದು ಹತ್ತು ಸಾವಿರನೇ ಸಲ.

"ಕೀಳುವಾಗ್ಲೂ 4s ಮೊದಲು ಹೋಗ್ಬೇಕು ಅಂತ ಎಷ್ಟು ಸಲ ಹೇಳ್ಲಿ!"

"ಕೊನೆಗೆ ಬಂದಿದ್ದು 3d ತಾನೆ ಮಾರಾಯ್ತಿ? ಶಿವಮೊಗ್ಗ ಬಸ್ಸಲ್ಲಿ ಬಾಗಿಲಲ್ಲಿ ನೇತಾಡೋನು ಇಳಿದ ಮೇಲೇ ಸೀಟಲ್ಲಿರೋರು ಇಳಿಯೋದು."

ಅವನನ್ನು ಆ ಬಸ್ಸಿನಿಂದ ಇಳಿಸಲು ಸುಮನಾ ಊಟದ ಪಂಕ್ತಿ ಹಾಕಿದಳು. "ಮೊದಲು ಊಟಕ್ಕೆ ಕೂತೋರು ಮೊದಲು ಏಳ್ತಾರೆ. ಸರೀನಾ?"

"ಉಳಿದೋರು ಇನ್ನೂ ಉಣ್ತಿರುವಾಗ? ನಮ್ಮಜ್ಜಿ ಸುಭದ್ರಮ್ಮ ಇದ್ದಿದ್ರೆ ಬೆನ್ನು ಮುರೀತಿದ್ಲು. ಪಂಕ್ತಿ ಅಂದ್ರೆ ಎಲ್ಲಾ ಒಟ್ಟಿಗೇ ಏಳ್ಬೇಕು" ಎಂದವನೇ ಎಂಟು ಎಲೆಕ್ಟ್ರಾನನ್ನೂ ಅಳಿಸಿ, ಅವುಗಳ ಕೆಳಗಿದ್ದ ಆರ್ಗಾನ್ ತಿರುಳನ್ನಷ್ಟೇ ಉಳಿಸಿದ.

ಸುಮನಾ ಕಿರುಚಿದ್ದಕ್ಕೆ ಸೋಗಾನೆಯಲ್ಲಿ ಇಳಿಯಬೇಕಿದ್ದ ವಿಮಾನ ಬೆದರಿ ವಾಪಸ್ ಹೋಯಿತು.

ನೀರು ಕುಡಿದು ಬಂದಳು. "ಯಾವಾಗ ಬಂತು ಅಂತ ಕೇಳ್ಬೇಡಿ, ಎಲ್ಲಿದೆ ನೋಡಿ. 4 ಹೊರಗಿನ ಸುತ್ತು, 3 ಒಳಗಿನದು. ಹೊರಗೆ ಕೂತಿದ್ದನ್ನ ಮೊದಲು ಕೀಳ್ತಾರೆ."

"ಅಯ್ಯೋ, ಇಷ್ಟೇನಾ! ಇದನ್ನ ಬಿಟ್ಟು ಬಸ್ಸು, ಊಟ ಅಂತ ಸುತ್ತಿಸಿದ್ಯಲ್ಲೇ."

ಬಸ್ಸು ತಂದಿದ್ದು ಯಾರು ಅನ್ನೋ ಮಾತನ್ನು ಸುಮನಾ ನುಂಗಿಕೊಂಡಳು. ಧರ್ಮೇಂದ್ರ ಸರಸರ ಬರೆಯತೊಡಗಿದ. ಎರಡು ಕಿತ್ತರೆ 3d⁶, ಮೂರು ಕಿತ್ತರೆ 3d⁵. ತಾಮ್ರದ್ದೂ ಸರಿ, ನಿಕಲ್ಲಿನದೂ ಸರಿ. ಬಿಳಿ ಕೋಟು ಹಾಕಿ ತಣ್ಣಗಿನ ಲ್ಯಾಬಿನಲ್ಲಿ ಕೂತ ಗಂಡ ಸುಮನಾಳ ಕಣ್ಣಿಗೆ ಕಟ್ಟಿದ. ಅಲ್ಲಿಗೇ ಪುಸ್ತಕ ಮುಚ್ಚಿದ್ದರೆ ಅವಳು ಮೇಷ್ಟ್ರಾಗಿರುತ್ತಿರಲಿಲ್ಲ.

"ಈಗ ಏನೂ ಕೀಳದ ಕಬ್ಬಿಣ ಒಂದ್ಸಲ ಬರೀರಿ."

ಅವನು ಹೆಮ್ಮೆಯಿಂದ ಬರೆದು ಕೊಟ್ಟ: 3d⁸.

"4s ಎಲ್ಲಿ?"

"ಹೊರಗೆ ಕೂತ್ರೆ ಕೀಳ್ತಾರೆ ಅಂತ ನೀನೇ ಅಂದ್ಯಲ್ಲ. ಪಾಪ, ಆ ಎರಡನ್ನೂ ಒಳಗೇ ಕೂರಿಸಿದೆ."

ಸುಮನಾ ಹಣೆ ಒತ್ತಿಕೊಂಡಳು. ಆಮೇಲೆ ಅವನ ಕೈಯಿಂದ ಪೆನ್ಸಿಲ್ ಕಿತ್ತುಕೊಂಡು, ಹೊಸ ಹಾಳೆ ತೆಗೆದು ಮೊದಲ ಪಾಠಕ್ಕೇ ವಾಪಸ್ ಹೋದಳು.

"ಹೈಡ್ರೋಜನ್. ಒಂದೇ ಎಲೆಕ್ಟ್ರಾನ್. ಎಲ್ಲಿ ಕೂರುತ್ತೆ, ಹೇಳಿ."