ಗುಡ್ಡ ಹತ್ತದ ಜೀಪು

ಬಿಸ್ಕತ್ತಿನ ಡಬ್ಬಿಯನ್ನು ಆಕೆ ಮಂಚದ ಮೇಲೆ ಬೋರಲು ಹಾಕಿದಳು. ಬೆಳಿಗ್ಗೆಯಷ್ಟೇ ಹಾಸಿದ್ದ ಬಿಳಿ ಚಾದರದ ಮೇಲೆ ಸ್ಕ್ರೂ, ಸ್ಪ್ರಿಂಗು, ವಾಷರುಗಳೆಲ್ಲ ಪೆಟ್ರೋಲಿನ ವಾಸನೆ ಹೊಡೆಯುತ್ತ ಚೆಲ್ಲಾಪಿಲ್ಲಿಯಾದವು. ಗೋಡೆಯ ಆಚೆ, ಹಾಲಿನಲ್ಲಿ, ಗಂಡನ ದೇಹವಿತ್ತು. ಮೂರು ಗಂಟೆಗೆ ಹೊರಡುವುದೆಂದು ಹಿರಿಯರು ತೀರ್ಮಾನಿಸಿದ್ದರು. ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು.

“ನಂಗೇನು ಗೊತ್ತಿತ್ತು ಅತ್ತಿಗೆ?” ಬಾಗಿಲಲ್ಲಿ ನಿಂತಿದ್ದ ನಾದಿನಿ ಸೆರಗಿನಿಂದ ಮೂಗೊರೆಸಿಕೊಂಡಳು. “ಬಂದೋರಿಗೆ ಶೆಡ್ಡಲ್ಲಿ ಕುರ್ಚಿ ಹಾಕೋಣ ಅಂತ ಹೋದೆ. ಮೊಟ್ಟೆ ಟ್ರೇ ತುಂಬ ಚೂರುಪಾರು ಕಸ. ಎಲ್ಲ ಡಬ್ಬಿಗೆ ಸುರಿದು ಟ್ರೇ ಬಿಸಾಕಿದೆ.”

“ಕಸ ಅಲ್ಲ ಕಣಮ್ಮ, ಕಾರ್ಬ್ಯುರೇಟರು. ಜೀಪು ಉಸಿರಾಡೋದು ಅದ್ರಿಂದಾನೆ.”

ನಾದಿನಿಯ ಚೊಕ್ಕಟತನ ಗೊತ್ತಿದ್ದದ್ದೇ. ಅಣ್ಣ ಹೋದ ಸುದ್ದಿ ಕೇಳಿ ಓಡಿ ಬಂದವಳು ಅಳುತ್ತಲೇ ಇಡೀ ಮನೆ ಗುಡಿಸಿದ್ದಳು. ಆದರೆ ಆ ಟ್ರೇಯಲ್ಲಿ ಜೀಪಣ್ಣನ ಲೆಕ್ಕಾಚಾರವಿತ್ತು. ಬೀದಿಯವರೆಲ್ಲ ಆಕೆಯ ಗಂಡನನ್ನು ಕರೆಯುತ್ತಿದ್ದದ್ದು ಹಾಗೇ, ಜೀಪಣ್ಣ ಎಂದೇ. ಬಿಚ್ಚಿದ ಮೊದಲ ಸ್ಕ್ರೂ ಮೊದಲ ಕುಳಿಯಲ್ಲಿ, ಎರಡನೆಯದು ಎರಡನೆಯದರಲ್ಲಿ. ಜೋಡಿಸುವಾಗ ಕೊನೆಯ ಕುಳಿಯಿಂದ ಹಿಂದಕ್ಕೆ ಬಂದರಾಯಿತು. ಗುರುವಾರ ಬಿಚ್ಚಿಟ್ಟಿದ್ದ. ಹಿಂದಿನ ದಿನ, ಸೋಮವಾರ ಬೆಳಿಗ್ಗೆ ಶೆಡ್ಡಿನ ಸ್ಟೂಲಿನ ಮೇಲೆ ಕೂತಲ್ಲೇ ಎದೆ ಹಿಡಿದುಕೊಂಡು ವಾಲಿದ. ಆಸ್ಪತ್ರೆಗೆ ಒಯ್ಯುವಷ್ಟೂ ಹೊತ್ತು ಕೊಡಲಿಲ್ಲ.

ಆಕೆ ಹೊಲಿಗೆ ಯಂತ್ರದ ಪುಟ್ಟ ಸ್ಕ್ರೂ ಡ್ರೈವರನ್ನು ಕೈಗೆತ್ತಿಕೊಂಡಾಗ ಭಾವ ಒಳಗೆ ಬಂದರು. ಸತ್ತವನ ಅಣ್ಣ, ಎಪ್ಪತ್ತೆರಡರ ಮನುಷ್ಯ. ಮಂಚದ ಮೇಲಿನ ರಾಶಿ ನೋಡಿ ಹುಬ್ಬೇರಿಸಿದರು.

“ಏನಮ್ಮ ಇದು, ಇವತ್ತೂ ಬಿಡಲ್ವ ಈ ಜೀಪಿನ ಹುಚ್ಚು? ಗುಡ್ಡದ ಬುಡದವರೆಗೆ ವ್ಯಾನ್ ಹೇಳಿದೀನಿ. ಅಲ್ಲಿಂದ ಸ್ಮಶಾನಕ್ಕೆ ಹೆಗಲು ಕೊಡೋಕೆ ಎಂಟು ಜನ ಇದೀವಿ.”

“ಎಂಟು ಜನರಲ್ಲಿ ಮಂಡಿ ನೋವಿಲ್ಲದೋರು ಎಷ್ಟು ಜನ ಭಾವ?”

ಭಾವ ತಮ್ಮ ಮಂಡಿಯ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದರು. “ಅದಿರಲಿ. ಈ ಜೀಪು ಒಂದು ಸಲನಾದ್ರೂ ಆ ಗುಡ್ಡ ಹತ್ತಿದೆಯಾ?”

“ಇಲ್ಲ.”

“ಮತ್ತೆ? ಅರ್ಧ ದಾರೀಲಿ ನಿಂತ್ರೆ ನಾಲ್ಕು ಜನರ ಮುಂದೆ ನಗೆಪಾಟಲು.”

“ಇವತ್ತು ಹತ್ತುತ್ತೆ. ಅವರು ಜೀಪಲ್ಲೇ ಹೋಗೋದು.”

ಆ ಮಾತಿನಲ್ಲಿ ಅಳುವಾಗಲಿ ಹಟವಾಗಲಿ ಇರಲಿಲ್ಲ. ಬಟ್ಟೆ ಸಂಜೆಗೆ ಕೊಡ್ತೀನಿ ಎಂದು ಗಿರಾಕಿಗೆ ಹೇಳುವ ದನಿ ಅದು. ಆ ದನಿಯಲ್ಲಿ ಹೇಳಿದ ಬಟ್ಟೆಯನ್ನು ಆಕೆ ಎಂದೂ ತಡಮಾಡಿದವಳಲ್ಲ.

“ಎರಡೂವರೆವರೆಗೆ ನೋಡ್ತೀನಿ,” ಎಂದರು ಭಾವ. “ಆಮೇಲೆ ನನ್ ಮಾತು ಕೇಳ್ಬೇಕು.”

*

ಒಂಬತ್ತು ವರ್ಷದ ಹಿಂದೆ ಆ ಜೀಪು ಬಂದದ್ದು ಲಾರಿಯ ಮೇಲೆ, ಹಗ್ಗ ಬಿಗಿಸಿಕೊಂಡು. ಮರದ ವ್ಯಾಪಾರಿಯೊಬ್ಬನ ಹಿತ್ತಲಲ್ಲಿ ಹದಿನಾರು ವರ್ಷ ಬಿದ್ದಿತ್ತಂತೆ. ಡ್ರೈವರ್ ಸೀಟಿನ ಜಾಗದಲ್ಲಿ ಕೋಳಿಯೊಂದು ಕಾವು ಕೂತಿತ್ತು. ನೆಲದ ತಗಡು ಎಷ್ಟು ತೂತಾಗಿತ್ತೆಂದರೆ ಒಳಗೆ ಕೂತವನು ರಸ್ತೆಗೆ ಕಾಲು ಊರಬಹುದಿತ್ತು.

“ದುಡ್ಡು ಕೊಟ್ಟು ತಂದ್ರಾ, ಇಲ್ಲ ಅವರೇ ದುಡ್ಡು ಕೊಟ್ಟು ಕಳಿಸಿದ್ರಾ?” ಎಂದು ಆಕೆ ಕೇಳಿದ್ದಳು.

“ಕೋಳಿ ಪುಕ್ಕಟೆ ಕಣೇ,” ಎಂದಿದ್ದ.

ಅಚ್ಚುಕೂಟದಲ್ಲಿ ಮೂವತ್ತನಾಲ್ಕು ವರ್ಷ ಯಂತ್ರ ಓಡಿಸಿ ಆಗಷ್ಟೇ ನಿವೃತ್ತನಾಗಿದ್ದ ಅವನಿಗೆ ಸಮಯವಿತ್ತು, ಕೈಚಳಕವಿತ್ತು, ಹಣವಿರಲಿಲ್ಲ. ಹಾಗಾಗಿ ಜೀಪು ಬೀದಿಯವರ ಬೇಡದ ವಸ್ತುಗಳಿಂದಲೇ ಎದ್ದು ನಿಂತಿತು. ನೆಲಕ್ಕೆ ಅಂಗಡಿಯೊಂದರ ಹಳೆಯ ಬೋರ್ಡಿನ ತಗಡು. ಕಾಲಿಡುವಲ್ಲಿ ಬಗ್ಗಿ ನೋಡಿದರೆ ‘ಇಲ್ಲಿ ಛತ್ರಿ’ ಎಂಬಲ್ಲಿಗೆ ಅಕ್ಷರ ಮುಗಿಯುತ್ತಿತ್ತು. ಸೀಟು ಗುಜರಿ ಬಸ್ಸಿನದು. ಯಾರೋ ಗೇಟಿಗೆ ಬಳಿದು ಉಳಿಸಿದ್ದ ನೀಲಿ ಬಣ್ಣ ಬಾನೆಟ್ಟಿಗೆ ಮುಗಿದುಹೋಗಿ, ಹಿಂಭಾಗ ಇನ್ನೊಬ್ಬರ ಮನೆಯ ಹಸಿರಾಯಿತು. ಮೇಲಿನ ಕ್ಯಾನ್‌ವಾಸು ಆಕೆಯೇ ಹೊಲಿದದ್ದು. ಆರು ಸೂಜಿ ಮುರಿದಿದ್ದವು, ಪ್ರತಿಯೊಂದಕ್ಕೂ ಆಕೆ ಒಂದೊಂದು ಮಾತು ಆಡಿದ್ದಳು.

ಒಂದು ತೊಡಕಿತ್ತು. ಅಚ್ಚುಯಂತ್ರದ ಸದ್ದು ಅವನ ಕಿವಿಗಳನ್ನು ಮುಕ್ಕಾಲು ಪಾಲು ತಿಂದುಹಾಕಿತ್ತು. ಎಂಜಿನ್ ಹದ ಮಾಡುವವನಿಗೆ ಕಿವಿ ಬೇಕು. ಆಕೆಯ ಕಿವಿಯೋ, ಪಕ್ಕದ ಮನೆಯ ಹೊಲಿಗೆ ಯಂತ್ರಕ್ಕೆ ಎಣ್ಣೆ ಬೇಕೆಂಬುದನ್ನು ಇಲ್ಲಿಂದಲೇ ಹೇಳುವಂಥದ್ದು.

ಹೀಗಾಗಿ ಶೆಡ್ಡಿನಲ್ಲಿ ಅವನು ಬಾನೆಟ್ ಎತ್ತಿ ಬಗ್ಗುತ್ತಿದ್ದ, ಎದುರಿನ ಅಡುಗೆಮನೆ ಕಿಟಕಿಯಲ್ಲಿ ಆಕೆ ಒಗ್ಗರಣೆ ಹಾಕುತ್ತಿದ್ದಳು. ಅವನು ತಲೆಯೆತ್ತಿ ಹುಬ್ಬು ಹಾರಿಸಿದರೆ ‘ಹೇಗಿದೆ’ ಎಂದರ್ಥ. ಆಕೆ ಎಡಗೈ ಎತ್ತಿದರೆ ಸ್ಕ್ರೂ ಸ್ವಲ್ಪ ಎಡಕ್ಕೆ, ಬಲಗೈ ಎತ್ತಿದರೆ ಬಲಕ್ಕೆ. ಅಂಗೈಯನ್ನು ಕೆಳಮುಖವಾಗಿ ಮಟ್ಟಸವಾಗಿ ಹಿಡಿದರೆ ಸಾಕು, ಸರಿಹೋಯ್ತು. ಎಷ್ಟೋ ಸಲ ಸೌಟು ಹಿಡಿದ ಕೈಯೇ ಮೇಲೇಳುತ್ತಿತ್ತು.

“ಜೀಪು ರಿಪೇರಿ ನಿಮ್ಗೂ ಬರುತ್ತಾ?” ಎಂದು ಯಾರಾದರೂ ಕೇಳಿದರೆ, “ಅಯ್ಯೋ, ನಂಗೇನೂ ಗೊತ್ತಿಲ್ಲಪ್ಪ” ಎನ್ನುತ್ತಿದ್ದಳು. ಹಾಗೆಂದೇ ಅವಳು ನಂಬಿದ್ದಳು ಕೂಡ.

*

ಈಗ ಚಾದರದ ಮೇಲಿನ ರಾಶಿಯ ಮುಂದೆ ಕೂತಾಗ ಬೆರಳುಗಳಿಗೆ ಎಲ್ಲ ಗೊತ್ತಿತ್ತು. ಈ ಉದ್ದ ಸ್ಪ್ರಿಂಗು ಕೆಳಗಿನದು, ಅವನು ಬೈದುಕೊಂಡು ಹುಡುಕುತ್ತಿದ್ದದ್ದು. ತಗಡಿನ ಬುರುಡೆ ಪೆಟ್ರೋಲಿನಲ್ಲಿ ತೇಲುವಂಥದ್ದು, ಅದರ ಕೆಳಗೆ ಸೂಜಿ. ಹಳೆಯ ಕ್ಯಾಲೆಂಡರಿನ ರಟ್ಟಿನಿಂದ ಕತ್ತರಿಸಿದ ಪಟ್ಟಿ ನಡುವೆ ಬರಬೇಕು. ಅದನ್ನು ಕತ್ತರಿಸಿದವಳು ಆಕೆಯೇ. ಅವಳ ಒಳ್ಳೆಯ ಕತ್ತರಿ ಮೊಂಡಾಗಿ ಎರಡು ದಿನ ಮಾತು ಬಿಟ್ಟಿದ್ದಳು.

ಮಗಳು ಬಂದು ಪಕ್ಕದಲ್ಲಿ ಕೂತಳು. ಅತ್ತು ಅತ್ತು ಮುಖ ಊದಿತ್ತು. “ಅಮ್ಮಾ, ಜನ ನಿನ್ನ ಕೇಳ್ತಿದಾರೆ. ಅಪ್ಪನ ಹತ್ರ ಬಂದು ಕೂತ್ಕೋಬಾರ್ದಾ?”

“ಅಪ್ಪನ ಹತ್ರಾನೇ ಇದೀನಿ. ಆ ಬೆಳಕು ಸ್ವಲ್ಪ ಈ ಕಡೆ ತಿರುಗಿಸು.”

ಮಗಳು ದೀಪ ತಿರುಗಿಸಿದಳು. ಸ್ವಲ್ಪ ಹೊತ್ತಿಗೆ ತಾಯಿಯ ಕೈ ನಿಂತುಬಿಟ್ಟಿತು. ಡಬ್ಬಿ ಅಲ್ಲಾಡಿಸಿದಳು, ಚಾದರ ಕೊಡವಿದಳು.

“ಏನು ಹುಡುಕ್ತಿದೀಯ?”

“ಜೆಟ್ಟು. ಕಡಲೆಕಾಳಷ್ಟು ಹಿತ್ತಾಳೆ ಸ್ಕ್ರೂ, ಮಧ್ಯ ತೂತು ಇರುತ್ತೆ. ಪೆಟ್ರೋಲು ಅದರಲ್ಲೇ ಮೇಲೆ ಬರಬೇಕು. ಎರಡಿರಬೇಕು, ಒಂದೇ ಇದೆ. ಸುಮ್ನೆ ನಿಂತಾಗ ಬೇಕಾಗೋದು ಇದು. ಓಡೋವಾಗ ಬೇಕಾಗೋದು ಕಾಣ್ತಿಲ್ಲ.”

ಹೇಳುತ್ತಲೇ ಅವಳು ಬಗ್ಗಿ ಮಂಚದ ಕೆಳಗೆ ಕೈಯಾಡಿಸಿದಳು.

*

ಮೂರು ಸಲ ಗುಡ್ಡ ಹತ್ತಲು ಹೋಗಿದ್ದರು, ಮೂರು ಸಲವೂ ಎರಡನೇ ತಿರುವಿನಲ್ಲೇ ಜೀಪು ಕೆಮ್ಮಿ ನಿಂತಿತ್ತು. ಮೇಲೆ ಸ್ಮಶಾನ, ಅದರಾಚೆಯ ಬಂಡೆಯಿಂದ ಇಡೀ ಊರು, ನದಿ, ಅಚ್ಚುಕೂಟದ ಹೆಂಚು, ತಮ್ಮ ಮನೆಯ ತಾರಸಿ ಎಲ್ಲ ಕಾಣುತ್ತದೆಂದು ಕೇಳಿದ್ದರು. ಇಬ್ಬರ ಮಂಡಿಗೂ ಆ ದಾರಿ ಆಗದು, ಬೇರೆ ವಾಹನಕ್ಕೆ ಆ ಕಲ್ಲು ಆಗದು.

ಕಳೆದ ತಿಂಗಳು ಮೂರನೇ ಸಲ ನಿಂತಾಗ ಅವನು ಚಕ್ರಕ್ಕೆ ಕಲ್ಲು ಕೊಟ್ಟು ಬಂದು ಪಕ್ಕದಲ್ಲಿ ಕೂತ. ಆಕೆ ಫ್ಲಾಸ್ಕಿನಿಂದ ಟೀ ಬಗ್ಗಿಸಿದಳು.

“ಏದುಸಿರು ಬಿಡುತ್ತೆ ರೀ. ಹಸಿದಿರೋ ಸದ್ದು. ಎಲ್ಲೋ ಪೆಟ್ರೋಲು ಸಾಲ್ತಾ ಇಲ್ಲ.”

“ಹಂಗಾದ್ರೆ ಜೆಟ್ಟಲ್ಲಿ ಏನೋ ಕೂತಿದೆ. ಬಿಚ್ಚಿ ನೋಡ್ತೀನಿ.” ಟೀ ಕುಡಿದು ಮೇಲಿನ ದಾರಿ ನೋಡಿದ. “ಒಂದಲ್ಲ ಒಂದಿನ ಎಲ್ರೂ ಹೋಗಬೇಕಾದ ಗುಡ್ಡನೇ ಇದು. ಆದ್ರೆ ನಾನು ಹೋದ್ರೆ ಜೀಪಲ್ಲೇ. ಹೊತ್ಕೊಂಡು ಗಿತ್ಕೊಂಡು ಬಂದ್ರೆ ಎದ್ದು ವಾಪಸ್ ನಡೀತೀನಿ, ನೋಡ್ತಿರು.”

“ನಡೀರಿ, ನಡೀರಿ. ಮಂಡಿ ಒಪ್ಪಬೇಕಲ್ಲ.”

ಇಬ್ಬರೂ ನಕ್ಕಿದ್ದರು. ಆಮೇಲೆ ಅವನು ಜೀಪನ್ನು ಹಿಂದಕ್ಕೇ ಇಳಿಸಿದ್ದ.

*

ಜೆಟ್ಟನ್ನು ಗಡಿಯಾರ ರಿಪೇರಿಯವನ ಭೂತಗನ್ನಡಿಯಲ್ಲಿ ನೋಡಿಸಬೇಕೆಂದು ಅವನು ಅಂದಿದ್ದು ಆಕೆಗೆ ಈಗ ನೆನಪಾಯಿತು. ಕಳೆಯಬಾರದ್ದನ್ನೆಲ್ಲ ಅವನು ಇಡುತ್ತಿದ್ದದ್ದು ಒಂದೇ ಕಡೆ.

“ನಿನ್ನೆ ಅವರು ಹಾಕ್ಕೊಂಡಿದ್ದ ಅಂಗಿ ಎಲ್ಲಿ?”

ನಾದಿನಿ ಬಾಯಿಗೆ ಸೆರಗಿಟ್ಟುಕೊಂಡಳು. “ಗ್ರೀಸಾಗಿತ್ತು ಅತ್ತಿಗೆ... ಸೋಪಲ್ಲಿ ನೆನೆಸಿಟ್ಟಿದೀನಿ.”

ಆಕೆ ಬಚ್ಚಲಿಗೆ ಹೋಗಿ ಬಕೆಟ್ಟಿನಲ್ಲಿ ಮೊಣಕೈವರೆಗೆ ಕೈಬಿಟ್ಟಳು. ನೊರೆಯೊಳಗಿನಿಂದ ಅಂಗಿ ಎದ್ದುಬಂತು, ಭಾರವಾಗಿ, ತೋಳು ಇಳಿಬಿಟ್ಟುಕೊಂಡು. ಎಡ ಜೇಬಿನ ತಳದ ಮೂಲೆಯಲ್ಲಿ, ಆಕೆಯೇ ಹಾಕಿಕೊಟ್ಟಿದ್ದ ಎರಡನೇ ಹೊಲಿಗೆಗೆ ಆತುಕೊಂಡು ಆ ಹಿತ್ತಾಳೆಯ ಕಾಳು ಕೂತಿತ್ತು. ಅಷ್ಟು ಹೊತ್ತೂ ಗಟ್ಟಿಯಾಗಿದ್ದವಳು ಒದ್ದೆ ಅಂಗಿಯನ್ನು ಮಡಿಲಿಗೆ ಹಾಕಿಕೊಂಡು ಜೋರಾಗಿ ಅತ್ತಳು. ನಾದಿನಿಯೂ ಬಂದು ಪಕ್ಕದಲ್ಲಿ ಕೂತು ಅತ್ತಳು. ಯಾರೂ ತಡೆಯಲಿಲ್ಲ.

ಅತ್ತು ಮುಗಿಸಿ ಆಕೆ ಜೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತೂತಿನ ಅರ್ಧ ಕತ್ತಲು. ಏನೋ ಕರಿ ಕಲೆ ಅಂಟಿತ್ತು. ತಂತಿ ಹಾಕಬಾರದು, ತೂತು ದೊಡ್ಡದಾಗುತ್ತದೆ, ಅದು ಅವನ ಮಾತು. ಅವನ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೇ ಒಂದು ಎಳೆ ಕಿತ್ತು, ನವಿರಾಗಿ ತೂರಿಸಿ, ಊದಿದಳು. ಮತ್ತೆ ಕಣ್ಣಿಗೆ ಹಿಡಿದಾಗ ಆಕಾಶದ ಚುಕ್ಕೆ ದುಂಡಗೆ, ಪೂರ್ತಿಯಾಗಿ ಕಾಣಿಸಿತು.

ಜೆಟ್ಟು ಸೇರಿಸಿ ಕಾರ್ಬ್ಯುರೇಟರನ್ನು ಜೀಪಿಗೆ ಕೂರಿಸಿದ ಮೇಲೆ, ಎರಡೂ ಇಪ್ಪತ್ತಕ್ಕೆ ಎದುರುಮನೆಯ ನಿವೃತ್ತ ಬಸ್ ಡ್ರೈವರ್ ಕೀಲಿ ತಿರುಗಿಸಿದ. ಮೊದಲ ಸಲ ಏನೂ ಆಗಲಿಲ್ಲ. ಎರಡನೆಯ ಸಲ ಜೀಪು ಸೀನಿತು. ಮೂರನೆಯ ಸಲಕ್ಕೆ ಇಡೀ ಶೆಡ್ಡು ನಡುಗಿ, ಹಾಲಿನಲ್ಲಿ ಕೂತವರೆಲ್ಲ ಎದ್ದು ಬಂದರು.

“ಇನ್ನೂ ಸ್ವಲ್ಪ ಕುಂಟ್ತಿದೆ ಅಕ್ಕಾ,” ಎಂದ ಡ್ರೈವರು.

“ಗೊತ್ತು. ಹತ್ತೋಕೆ ತೊಂದ್ರೆಯಿಲ್ಲ. ಅದನ್ನ ಆಮೇಲೆ ನೋಡೋಣ.”

ಭಾವ ಗಡಿಯಾರ ನೋಡಿದರು, ಜೀಪು ನೋಡಿದರು, ಹೋಗಿ ವ್ಯಾನಿನವನನ್ನು ವಾಪಸು ಕಳಿಸಿದರು.

*

ಹಿಂದಿನ ಬೆಂಚುಗಳನ್ನು ಬಿಚ್ಚಿ, ಏಣಿ ಹಾಸಿ, ಅದರ ಮೇಲೆ ಜೀಪಣ್ಣನನ್ನು ಮಲಗಿಸಿ ಹಗ್ಗ ಬಿಗಿದರು. ಆಕೆ ಮುಂದೆ, ಡ್ರೈವರಿನ ಪಕ್ಕ ಕೂತಳು. ‘ಇಲ್ಲಿ ಛತ್ರಿ’ಯ ಮೇಲೆ ಕಾಲಿಟ್ಟು ಕಣ್ಣು ಮುಚ್ಚಿ ಕಿವಿ ಕೊಟ್ಟಳು.

ಉಳಿದವರು ಹಿಂದೆ ನಡೆದರು. ಗುಡ್ಡದ ಬುಡದಲ್ಲಿ ಭಾವ ತೆಂಗಿನಕಾಯಿಯಷ್ಟು ದೊಡ್ಡ ಕಲ್ಲೊಂದನ್ನು ಎತ್ತಿಕೊಂಡದ್ದು ಎಲ್ಲರಿಗೂ ಕಂಡಿತು. ನಿಂತರೆ ಚಕ್ರಕ್ಕೆ ಕೊಡಲು. ಮೊದಲ ತಿರುವು ದಾಟಿತು. ಎರಡನೆಯದರ ಏರು ಬಂದಾಗ ಹಿಂದಿನವರ ಮಾತೆಲ್ಲ ನಿಂತು ಬರೀ ಎಂಜಿನ್ನು ಕೇಳಿಸಿತು. ಸದ್ದು ಒಂದು ಕ್ಷಣ ಕುಗ್ಗಿತು. ಭಾವ ಕಲ್ಲು ಹಿಡಿದು ಎರಡು ಹೆಜ್ಜೆ ಓಡಿ ಮುಂದೆ ಬಂದರು.

“ಆಕ್ಸಿಲರೇಟರಿಂದ ಕಾಲು ಎತ್ತಲಾ ಅಕ್ಕಾ?” ಎಂದ ಡ್ರೈವರು.

“ಎತ್ತಬೇಡ. ಹಸಿವಿಲ್ಲ ಅದಕ್ಕೆ. ಹೋಗುತ್ತೆ.”

ಹೋಯಿತು. ಚಕ್ರದಡಿಯ ಸಣ್ಣ ಕಲ್ಲುಗಳು ಹಿಂದಕ್ಕೆ ಚಿಮ್ಮಿದವು, ಜೀಪು ತಿರುವನ್ನು ಎದೆಯುಬ್ಬಿಸಿ ದಾಟಿ ಆಚೆ ಏರಿತು. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿ, ಎಲ್ಲಿದ್ದೇವೆಂದು ನೆನಪಾಗಿ ಕೈ ಇಳಿಸಿದರು. ಮೇಲೆ ಬಂದು ಸೇರಿದ ಭಾವನ ಕೈಯಲ್ಲಿ ಕಲ್ಲು ಇನ್ನೂ ಇತ್ತು. ಅಲ್ಲಿಗೆ ಬಂದ ಮೇಲೆ ಅದನ್ನು ಚಕ್ರಕ್ಕೆ ಕೊಟ್ಟು, ತಮ್ಮನ ಜೀಪಿನ ಬಾನೆಟ್ಟನ್ನು ಎರಡು ಸಲ ತಟ್ಟಿ, ಮುಖ ತಿರುಗಿಸಿಕೊಂಡು ಕಣ್ಣೊರೆಸಿದರು.

ಡ್ರೈವರು ಕೀಲಿಗೆ ಕೈಹಾಕಿದಾಗ ಆಕೆ, “ಆಫ್ ಮಾಡಬೇಡ, ಇರಲಿ,” ಎಂದಳು.

ಬಂಡೆಯಾಚೆ ನದಿ, ಹೆಂಚು, ತಾರಸಿ ಎಲ್ಲ ಕೇಳಿದ ಹಾಗೇ ಇದ್ದವು. ಅವನನ್ನು ಇಳಿಸಿದರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಅಷ್ಟು ಹೊತ್ತೂ ಜೀಪು ಸ್ವಲ್ಪ ಕುಂಟುತ್ತ, ಗುರುಗುಟ್ಟುತ್ತಲೇ ಇತ್ತು.

ಮಣ್ಣು ಮುಚ್ಚಿಯಾದ ಮೇಲೆ ಆಕೆ ಜೀಪಿನ ಬಳಿ ಬಂದು ಬಾನೆಟ್ ಎತ್ತಿ, ಕತ್ತು ವಾಲಿಸಿ ಕೇಳಿದಳು. ತಾನಾಗಿಯೇ ಎಡಗೈ ಮೇಲೆದ್ದಿತು. ಮೇಲೆದ್ದ ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ಅದೇ ಕೈಯಿಂದ ಸೊಂಟದಲ್ಲಿದ್ದ ಪುಟ್ಟ ಸ್ಕ್ರೂ ಡ್ರೈವರನ್ನು ತೆಗೆದು, ಬಗ್ಗಿ, ಸ್ಕ್ರೂವನ್ನು ಕೂದಲೆಳೆಯಷ್ಟು ಎಡಕ್ಕೆ ತಿರುಗಿಸಿದಳು. ಕುಂಟು ನಿಂತಿತು. ಎಂಜಿನ್ ಒಂದೇ ಸಮನೆ ಉಸಿರಾಡತೊಡಗಿತು.

ಆಕೆ ಬಾನೆಟ್ ಇಳಿಸಿ, ಅಂಗೈಯನ್ನು ಕೆಳಮುಖವಾಗಿ, ಮಟ್ಟಸವಾಗಿ, ಬೆಚ್ಚಗಿದ್ದ ನೀಲಿ ತಗಡಿನ ಮೇಲಿಟ್ಟಳು.