ಬಿಟ್ಟುಹೋದ ‘ರಿ’

ಕೊಳಕೂರಿನ ರೈತರ ಸಂಘಕ್ಕೆ ತೊಗರಿ ತೂಗುವ ಪ್ರೋಗ್ರಾಂ ಬರೆದವಳು ಪಂಚಶೀಲಾ. ಇವತ್ತು ಮೊದಲ ಚೀಲ ಸರಿಯಾಗಿ ತೂಗಿತೋ, ಸುತ್ತಲ ಊರುಗಳ ಕೆಲಸವೂ ಅವಳಿಗೇ. ಇಲ್ಲವಾದರೆ ಲ್ಯಾಪ್‌ಟಾಪ್ ಮಡಚಿಕೊಂಡು ಜೇವರ್ಗಿ ಬಸ್ ಹತ್ತಬೇಕು.

“ತೂಕದ ಮಷೀನ್ ಊರಿಗೊಂದು ನಮೂನಿ ಇರ್ತಾವರಿ,” ಎಂದು ಸಂಘದ ಅಧ್ಯಕ್ಷ ಅಣ್ಣಾರಾಯನಿಗೆ ತಿಳಿಹೇಳಿದಳು. “ಎಲ್ಲಾದರ ಕೋಡ್ ಮೊದಲೇ ಒಳಗ ತುಂಬಿಲ್ಲ. ಪ್ರೋಗ್ರಾಂ ನಡೀವಾಗ ಆ ಊರಿನ ಮಷೀನ್ ಕೋಡ್ ಇರೂ ಲೈಬ್ರರಿ ಅಷ್ಟೇ ಹೆಸರು ಹಿಡಿದು ಕರೀತದ.”

“ದನದ ಡಾಕ್ಟರ್‌ನ ಕೊಟ್ಟಿಗ್ಯಾಗ ಕಟ್ಕೊಳ್ಳೂದಿಲ್ಲ, ಬೇಕಾದಾಗ ಫೋನ್ ಮಾಡ್ತೀವಿ. ಹಂಗೇನ ಬೇ?”

ಬೆಳಗಿನಿಂದ ಅವನದು ಬರೀ ಸಲಿಗೆಯ ‘ಬೇ’, ಮರ್ಯಾದೆಯ ‘ರಿ’ ಒಮ್ಮೆಯೂ ಇಲ್ಲ. ಇಂಜಿನಿಯರಿಂಗ್ ಓದಿದವಳಿಗೆ ಅದು ಚುಚ್ಚುತ್ತಿತ್ತು. ಅವನ ಹೋಲಿಕೆ ತನ್ನ ವಿವರಣೆಗಿಂತ ಚೆಂದವಿದ್ದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಚೀಲ ಮಷೀನ್ ಏರಿತು. ತೂಕ ಬರಬೇಕಾದಲ್ಲಿ ಕೆಂಪು ಸಾಲು ಬಂತು: ಲೈಬ್ರರಿ ಸಿಕ್ಕಿದೆ, ಅದರೊಳಗೆ ‘ತೂಗು’ ಎಂಬ ಫಂಕ್ಷನ್ ಇಲ್ಲ. ಪ್ರೋಗ್ರಾಂ ಆ ಹೆಸರನ್ನು ಹುಡುಕುವುದು ತೂಗಲು ಹೊರಟಾಗ ಮಾತ್ರ, ಹಾಗಾಗಿ ನಿನ್ನೆ ಬರೆದು ಮುಗಿಸಿದಾಗ ತಪ್ಪು ಬಾಯಿಬಿಟ್ಟಿರಲಿಲ್ಲ. ಇವತ್ತು ಹತ್ತು ಜನರೆದುರು ಬಿಟ್ಟಿತು.

“ಹಳೇ ತಕ್ಕಡಿ ತರ್ರಿ,” ಎಂದು ಅಣ್ಣಾರಾಯ ನೆರೆದವರಿಗೆ ಹೇಳಿದ.

“ಐದು ನಿಮಿಷ ಕೊಡ್ರಿ,” ಎಂದು ಪಂಚಶೀಲಾ ಮಟಕಿ ಊರಿಗೆ ಫೋನ್ ಹಚ್ಚಿದಳು. ಈ ಮಷೀನಿನ ಲೈಬ್ರರಿ ಬರೆದದ್ದು ಅಲ್ಲಿನ ವಿದ್ಯಾವತಿ. ಹಾಲಿಗೆ ಬಾಯಿ ಹಾಕಿದ ಬೆಕ್ಕಿಗೂ ‘ಹೋಗ್ರಿ’ ಅನ್ನುವ ಹೆಣ್ಣುಮಗಳು.

“ಫಂಕ್ಷನ್ ಹೆಸರು ‘ತೂಗು’ ಅಲ್ಲೇನ್ರಿ?”

“ತೂಗ್ರಿ. ನಿನ್ನೆನೇ ಹೇಳಿದ್ದೆನಲ್ರಿ.”

“ಆ ‘ರಿ’ ನನಗ ಅಂದದ್ದು ಅಂತ ತಿಳ್ಕೊಂಡಿದ್ದೆ.”

“ಇಲ್ರಿ. ಅದು ಹೆಸರಿನಾಗೇ ಅದರಿ.”

ಫಂಕ್ಷನ್ನಿಗೆ ಸಲ್ಲಬೇಕಾದ ಮರ್ಯಾದೆಯನ್ನು ಪಂಚಶೀಲಾ ತಾನೇ ಇಟ್ಟುಕೊಂಡಿದ್ದಳು. ಅಪರೂಪಕ್ಕೆ ಸಿಕ್ಕದ್ದನ್ನು ಯಾರು ತಾನೇ ವಾಪಸು ಕೊಡುತ್ತಾರೆ? ಹೆಸರು ತಿದ್ದಿ ಮತ್ತೆ ಓಡಿಸಿದಳು. ಪರದೆಯ ಮೇಲೆ ಐವತ್ತು ಕಿಲೋ ನೂರು ಗ್ರಾಂ. ತಂದಿಟ್ಟ ತಕ್ಕಡಿಯೂ ಅದನ್ನೇ ಹೇಳಿತು.

“ಏನಾಗಿತ್ತು?” ಅಣ್ಣಾರಾಯ ಬಗ್ಗಿ ಕೇಳಿದ.

“ರಿ ಬಿಟ್ಟು ಕರೆದಿದ್ದೆರಿ. ಬರಲಿಲ್ಲ. ರಿ ಹಚ್ಚಿದೆ, ಬಂತು.”

ಅವನು ಮಷೀನನ್ನೂ ಅವಳನ್ನೂ ಒಮ್ಮೆ ನೋಡಿ, ಟೋಪಿ ಸರಿಮಾಡಿಕೊಂಡು ಹೊರಗೆ ಹೋದ; ನೆರೆದವರೂ ಅವನ ಹಿಂದೆಯೇ ನಡೆದರು. ಬಾಗಿಲಿನಿಂದ ಅವನ ದನಿ ಬಂತು.

“ಚಾ ಬಂದದ. ಬರ್ರಿ, ಕುಡೀರಿ.”

ಈ ‘ರಿ’ ತನಗೋ ಮತ್ಯಾರಿಗೋ ಎಂದು ಪಂಚಶೀಲಾ ಹಿಂದೆ ತಿರುಗಿ ನೋಡಿದಳು. ಅಲ್ಲಿದ್ದದ್ದು ತೂಕದ ಮಷೀನೊಂದೇ. ಅದು ಚಾ ಕುಡಿಯುವುದಿಲ್ಲ.