ಹಾರುನ್ ಭಾಯ್ ಉಂಡ ಊಟ

ಯಲ್ಲಾಪುರದ ವಜ್ರಳ್ಳಿ ಕಡೆಯ ಪಂಕ್ತಿಯಲ್ಲಿ ಉಣ್ಣಲು ಕೂತವನ ಮಾತಿಗೆ ಕವಡೆ ಕಿಮ್ಮತ್ತಿಲ್ಲ. ಅವನು ಸಾಕು ಅಂದರೆ ಇನ್ನೊಂದು ಸೌಟು ಎಂದರ್ಥ, ಬೇಡವೇ ಬೇಡ ಅಂದರೆ ಅರ್ಧ ಸೌಟು. ಎಲೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಬಡಿಸುವ ಗಟ್ಟಿಗಿತ್ತಿಯರಿದ್ದಾರೆ. ಶ್ರೀಲಕ್ಷ್ಮಿಯ ದೊಡ್ಡಮ್ಮ ಗೌರಕ್ಕ ಅಂಥವಳು. ಒತ್ತಾಯ ಮಾಡಿ ಬಡಿಸದಿದ್ದರೆ ಮನೆಗೂ ಹೋಟೆಲಿಗೂ ಎಂತ ವ್ಯತ್ಯಾಸ ಎಂದು ಕೇಳುತ್ತಿದ್ದಳು. ಅವಳ ಕೈಕೆಳಗೆ ಬೆಳೆದ ಶ್ರೀಲಕ್ಷ್ಮಿ ಈ ವಿದ್ಯೆಯನ್ನು ಢಾಕಾದವರೆಗೂ ಒಯ್ದಿದ್ದಳು.

ಗಂಡ ಸುಹಾಸ, ಸಿದ್ದಾಪುರದ ಹೆಗ್ಗರಣೆಯವನು, ಅಲ್ಲಿ ಒಂದು ಗಾರ್ಮೆಂಟ್ ಕಂಪನಿಯಲ್ಲಿ ಬಟ್ಟೆಯ ಗುಣಮಟ್ಟ ನೋಡುವ ಕೆಲಸದಲ್ಲಿದ್ದ. ಕಂಪನಿಯ ಡ್ರೈವರ್ ಹಾರುನ್ ಭಾಯ್, ಐವತ್ತರ ಹತ್ತಿರದ ಮನುಷ್ಯ, ದಿನಾ ಅವನನ್ನು ಕರೆದೊಯ್ದು ತಂದು ಬಿಡುತ್ತಿದ್ದ. ಮೂರು ವರ್ಷದಲ್ಲಿ ಆ ಮಹಾನಗರದಲ್ಲಿ ಶ್ರೀಲಕ್ಷ್ಮಿಗೆ ನಮ್ಮವರು ಅಂತ ಇದ್ದದ್ದು ಅವನೊಬ್ಬನೇ. ಹರಕು ಬಂಗಾಳಿ, ಮುರುಕು ಹಿಂದಿಯಲ್ಲಿ ಇಬ್ಬರೂ ಅಡಿಕೆಯ ಬಗ್ಗೆ ಜಗಳವಾಡುತ್ತಿದ್ದರು. ಅವನು ನೆನೆಸಿದ ಹಸಿ ಅಡಿಕೆ ಜಗಿಯುವವನು. ಶಿರಸಿ ಪೇಟೆಯ ಒಣಗಿದ ಚಾಲಿ ಅಡಿಕೆ ಕಂಡವಳಿಗೆ ಆ ಹಸಿಯದನ್ನು ಅಡಿಕೆ ಅನ್ನಲು ಬಾಯಿ ಬರುತ್ತಿರಲಿಲ್ಲ.

ಎರಡು ಸಾವಿರದ ಇಪ್ಪತ್ತನಾಲ್ಕರ ಜುಲೈಯಲ್ಲಿ ಊರು ಹೊತ್ತಿಕೊಂಡಿತು. ಮೊದಲು ವಿದ್ಯಾರ್ಥಿಗಳ ಮೆರವಣಿಗೆ, ಆಮೇಲೆ ಹೊಗೆ, ಆಮೇಲೆ ಗುಂಡು. ಇಂಟರ್ನೆಟ್ ಹೋಯಿತು, ಕರ್ಫ್ಯೂ ಬಂತು. ವಜ್ರಳ್ಳಿಗೆ ಫೋನು ಹತ್ತಲಿಲ್ಲ. ಗಂಡ ಹೆಂಡತಿ ಕಿಟಕಿಯ ಪರದೆ ಎಳೆದು, ಹೆಲಿಕಾಪ್ಟರಿನ ಸದ್ದು ಕೇಳುತ್ತ ಕೂತರು. ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಮಾತ್ರ ಜನ ಹೊರಗೆ ಬರಬಹುದು ಎಂದಾಯಿತು. ಮೊದಲ ದಿನವೇ ಹಾರುನ್ ಭಾಯ್ ಬಾಗಿಲು ಬಡಿದ. ಕಾರು ತೆಗೆಯಲು ಹೆದರಿ ಸೈಕಲ್ಲಿನಲ್ಲಿ ಬಂದಿದ್ದ. ಕೈಯಲ್ಲಿ ಹಾಲಿನ ಪ್ಯಾಕೆಟ್ಟು, ಒಂದು ಸೋರೆಕಾಯಿ, ಮೇಣದ ಬತ್ತಿ. ಯಾರೂ ಕೇಳಿರಲಿಲ್ಲ, ತಾನಾಗಿ ತಂದಿದ್ದ.

ಆಗ ಒಂದು ಗಂಟೆ ಹತ್ತು ನಿಮಿಷ. ಊಟದ ಹೊತ್ತಿಗೆ ಬಂದವರನ್ನು ಹಾಗೇ ಕಳಿಸುವುದುಂಟೇ? ಅವನು ಬಾಗಿಲಲ್ಲೇ ನಿಂತು ಹೊರಡುತ್ತೇನೆ ಅಂದರೂ ಶ್ರೀಲಕ್ಷ್ಮಿ ಬಿಡಲಿಲ್ಲ, ಒಳಗೆ ಕರೆದು ಕೂರಿಸಿದಳು. ಅನ್ನ, ತೊಗರಿಬೇಳೆ ಸಾರು, ಊರಿಂದ ತಂದ ಅಪ್ಪೆಮಿಡಿ ಉಪ್ಪಿನಕಾಯಿ. ಅವನು ಬೇಗ ಬೇಗ ಉಂಡ. ಒಂದೂವರೆಗೆ ಗಡಿಯಾರ ನೋಡಿ ಏಳಲು ಹೊರಟ. ಸುಹಾಸನೂ ಬಿಡು ಅಂದ.

“ಮಜ್ಜಿಗೆ ಅನ್ನ ಉಣ್ಣದೆ ಏಳ್ತಾರಾ ಭಾಯ್? ಇನ್ನೂ ಅರ್ಧ ಗಂಟೆ ಇದೆ” ಎಂದು ಅವಳು ಅವನ ತಟ್ಟೆಗೆ ಅನ್ನ ಹಾಕಿಯೇಬಿಟ್ಟಳು.

ಮಜ್ಜಿಗೆ ಅನ್ನವಿಲ್ಲದ್ದು ಅವಳ ಪ್ರಕಾರ ಊಟವೇ ಅಲ್ಲ. ಬಡಿಸಿದ ಅನ್ನ ಬಿಡುವುದು ಅವನ ಪ್ರಕಾರ ಪಾಪ. ನಕ್ಕು ಮತ್ತೆ ಕೂತ. ಮನೆಯಲ್ಲಿ ಇದ್ದದ್ದು ಮೊಸರು. ಅವಳು ಅದನ್ನು ಕಡೆದು ಮಜ್ಜಿಗೆ ಮಾಡಿದಳು, ಮೇಲೊಂದು ಸಾಸಿವೆ ಒಗ್ಗರಣೆಯನ್ನೂ ಹಾಕಿದಳು. ಆ ಒಗ್ಗರಣೆ ಬೇಕು ಅಂತ ಯಾರು ಅತ್ತಿದ್ದರು? ಒಂದು ಸಲ ಉಂಡವನಿಗೆ ಇನ್ನೊಂದು ಸಲ ಬಡಿಸಿದಳು. ಅವನು ಸೈಕಲ್ ಹತ್ತುವಾಗ ಎರಡಕ್ಕೆ ಐದು ನಿಮಿಷವಿತ್ತು.

ಅವನ ಮನೆ ರೈಲ್ವೆ ಗೇಟಿನ ಆಚೆ, ಇಪ್ಪತ್ತು ನಿಮಿಷದ ದಾರಿ. ಎರಡು ಗಂಟೆ ಹತ್ತು ನಿಮಿಷಕ್ಕೆ ಗೇಟಿನ ಹತ್ತಿರ ಅವನ ಎದೆಗೆ ಗುಂಡು ಬಿತ್ತು. ಯಾರು ಹಾರಿಸಿದ್ದು ಎಂದು ಇವತ್ತಿಗೂ ಗೊತ್ತಿಲ್ಲ. ಮರುದಿನ ಕಟ್ಟಡದ ಕಾವಲುಗಾರ ಸುದ್ದಿ ಹೇಳಿದಾಗ ಶ್ರೀಲಕ್ಷ್ಮಿ ಮೊದಲು ನಿಮಿಷಗಳ ಲೆಕ್ಕ ಹಾಕಿದಳು. ಒಂದೂವರೆಗೆ ಬಿಟ್ಟಿದ್ದರೆ ಎರಡಕ್ಕೆ ಹತ್ತು ನಿಮಿಷ ಇರುವಾಗಲೇ ಮನೆ ಸೇರುತ್ತಿದ್ದ. ಇದನ್ನು ತಿಳಿಯಲು ಜ್ಯೋತಿಷಿ ಬೇಕಿರಲಿಲ್ಲ.

ಐದು ದಿನದ ನಂತರ ಕಂಪನಿ ಭಾರತದವರನ್ನೆಲ್ಲ ಊರಿಗೆ ಕಳಿಸಲು ವಿಮಾನದ ಟಿಕೆಟ್ ಮಾಡಿಸಿತು. ಹಾರುನ್ ಭಾಯಿಯ ಮನೆಗೆ ಹೋಗಿ ನಡೆದದ್ದನ್ನು ಹೇಳದೆ ತಾನು ಹೊರಡುವುದಿಲ್ಲ ಎಂದು ಅವಳು ಹಟ ಹಿಡಿದಳು.

“ಹೇಳಿ ಎಂತ ಮಾಡ್ತೆ? ಗುಂಡು ಹೊಡೆದದ್ದು ನೀನಲ್ಲ” ಅಂದ ಸುಹಾಸ.

“ಕೂರ್ಸಿದ್ದು ಆನು. ಅವ್ರ ಹೆಂಡ್ತಿ ಎದುರಿಗೆ ಹೇಳ್ದೇ ಹೋದ್ರೆ ಇನ್ನು ತುತ್ತು ಇಳಿತಿಲ್ಲೆ.”

ಕರ್ಫ್ಯೂ ಸಡಿಲವಾದ ಹೊತ್ತಿನಲ್ಲಿ ಇಬ್ಬರೂ ರಿಕ್ಷಾ ಹಿಡಿದು ಹೋದರು. ದಾರಿಯುದ್ದಕ್ಕೂ ಅವಳು ಒಂದೇ ಬಂಗಾಳಿ ವಾಕ್ಯವನ್ನು ಬಾಯಿಪಾಠ ಮಾಡಿದಳು: ನಾನು ತಡೆದು ಕೂರಿಸಿದ್ದರಿಂದಲೇ ಅವರಿಗೆ ತಡವಾಯಿತು.

ತಗಡಿನ ಮಾಡಿನ ಒಂದೇ ಕೋಣೆಯ ಮನೆ. ಹಾರುನನ ಹೆಂಡತಿ ಮರ್ಜಿನಾ ಗೋಡೆಗೊರಗಿ ಕೂತಿದ್ದಳು. ಐದು ದಿನದಿಂದ ಒಂದು ಹನಿ ಕಣ್ಣೀರು ಹಾಕಿಲ್ಲ ಎಂದು ನೆರೆಯವರು ಪಿಸುಗುಟ್ಟಿದರು. ಶ್ರೀಲಕ್ಷ್ಮಿ ಎದುರಿಗೆ ಕೂತು ಬಾಯಿ ತೆರೆಯುವಷ್ಟರಲ್ಲಿ ಮರ್ಜಿನಾಳೇ ಅವಳ ಕೈ ಹಿಡಿದುಕೊಂಡಳು.

“ಭಾಬಿ, ಆ ದಿನ ಬೆಳಿಗ್ಗೆ ನಾನು ಒಲೆ ಹಚ್ಚಲಿಲ್ಲ. ಇಂಥಾ ಹೊತ್ತಲ್ಲಿ ಹೋಗಬೇಡಿ ಅಂತ ಜಗಳ ಆಡಿದೆ. ಸಿಟ್ಟಿನಲ್ಲಿ ಒಂದು ತುತ್ತೂ ಕೊಡಲಿಲ್ಲ, ಹಸಿದೇ ಹೋದರು. ನಿಮ್ಮಲ್ಲಿ ಏನಾದರೂ ತಿಂದರಾ?”

ಬಾಯಿಪಾಠ ಮಾಡಿದ ವಾಕ್ಯ ಶ್ರೀಲಕ್ಷ್ಮಿಯ ನಾಲಿಗೆಯ ತುದಿಯಲ್ಲೇ ಇತ್ತು. ತನ್ನ ಎದೆಯ ಭಾರ ಇಳಿಸಬೇಕಾದರೆ ಈ ಹೆಂಗಸಿನ ಕಡೆಯ ಆಸೆಯನ್ನು ಕಿತ್ತುಕೊಳ್ಳಬೇಕು.

“ಉಂಡರು” ಅಂದಳು.

“ಹೊಟ್ಟೆ ತುಂಬಾ?”

“ಹೊಟ್ಟೆ ತುಂಬಾ. ಎರಡು ಸಲ ಹಾಕಿಸಿಕೊಂಡರು. ನಿಧಾನಕ್ಕೆ ಉಂಡರು.”

ಮರ್ಜಿನಾ ಆ ಕೈಯನ್ನು ಕಣ್ಣಿಗೊತ್ತಿಕೊಂಡು ಹೋ ಎಂದು ಅತ್ತಳು. ಈ ಕೈಗೆ ದೇವರು ಒಳ್ಳೆಯದು ಮಾಡಲಿ ಎಂದು ಹರಸಿದಳು. ಕೈ ಬಿಡಿಸಿಕೊಳ್ಳಲು ಶ್ರೀಲಕ್ಷ್ಮಿಗೆ ಧೈರ್ಯವಾಗಲಿಲ್ಲ.

ಈಗ ಗಂಡ ಹೆಂಡತಿ ಶಿರಸಿಯಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. ಮರ್ಜಿನಾ ಆಗಾಗ ಫೋನು ಮಾಡುತ್ತಾಳೆ. ಕಿರಿಯ ಮಗಳಿಗೆ ಅಪ್ಪ ಕೊನೆಗೆ ಏನು ಉಂಡ ಎಂದು ಕೇಳಬೇಕಂತೆ, ಎಷ್ಟು ಸಲ ಕೇಳಿದರೂ ಸಾಲದಂತೆ. ಶ್ರೀಲಕ್ಷ್ಮಿ ಮೊದಲಿನಿಂದ ಹೇಳುತ್ತಾಳೆ, ಅನ್ನ, ಸಾರು, ಉಪ್ಪಿನಕಾಯಿ, ಮಜ್ಜಿಗೆ, ಅವನು ನಕ್ಕು ಮತ್ತೆ ಕೂತದ್ದು. ಎಷ್ಟು ಗಂಟೆಗೆ ಎದ್ದ ಎಂಬುದೊಂದನ್ನು ಬಿಟ್ಟು ಎಲ್ಲವನ್ನೂ ಹೇಳುತ್ತಾಳೆ.